ನೋಟ್‌ಬುಕ್ ತಿದ್ದುವುದು ಹೇಗೆ: ಮಗು ಓದಿ, ಮತ್ತೆ ಬರೆಯುವಂಥ ಟಿಪ್ಪಣಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಶಾಲೆಗಳಲ್ಲಿ ಪುಸ್ತಕ ತಿದ್ದುವ ಕೆಲಸಕ್ಕೇನೂ ಕೊರತೆ ಇಲ್ಲ. ವರ್ಷಕ್ಕೆ ನಾಲ್ಕು ಎಫ್‌ಎ (ಪಾಠದ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ), ಮಧ್ಯೆ ಕಿರುಪರೀಕ್ಷೆ, ದಿನದ ಹೋಂವರ್ಕ್, ಕಾಪಿ ಬರಹ. ಶಾಲೆ ನೋಡಲು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದರೂ ಕೇಳುವುದು ತಿದ್ದಿದ ನೋಟ್ಸ್. ಇಷ್ಟೆಲ್ಲ ಮಾಡಿದ ಮೇಲೂ ಜೂನ್‌ನಲ್ಲಿ ಮಾಡಿದ ತಪ್ಪನ್ನೇ ಮಗು ಜನವರಿಯಲ್ಲೂ ಮಾಡುತ್ತದೆ. ಟೀಚರ್ ಕಷ್ಟಪಟ್ಟಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಆದರೆ ಆ ಕೆಂಪು ಗೆರೆಗಳನ್ನು ನೋಡಿದ ಮೇಲೆ ಮಗುವಿಗೆ ಮಾಡಲು ಏನೂ ಉಳಿದಿರಲಿಲ್ಲ. ತನ್ನ ಅಂಕ ನೋಡಿತು, ಪಕ್ಕದವರ ಅಂಕ ನೋಡಿತು, ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿತು.

ನಾನು ಇಲ್ಲಿ ಹೇಳುವುದೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ. ಟಿಪ್ಪಣಿ ಓದಿದ ಮಗು ಅದೇ ಕೆಲಸವನ್ನು ಇನ್ನೊಂದು ಸಲ, ಮೊದಲಿಗಿಂತ ಚೆನ್ನಾಗಿ ಮಾಡಬೇಕು. ಅದಕ್ಕೆ ತರಗತಿಯಲ್ಲೇ ಸಮಯ ಸಿಗಬೇಕು. ಹಾಗೆ ಆಗದಿದ್ದರೆ ನಮ್ಮ ತಿದ್ದುವಿಕೆ ಬರೀ ದಾಖಲೆಯಾಗಿ ಉಳಿಯುತ್ತದೆ.

ಫೀಡ್‌ಬ್ಯಾಕ್ ಕೊಟ್ಟರೆ ಒಳ್ಳೆಯದೇ ಆಗುತ್ತದೆ ಎಂದುಕೊಳ್ಳುವುದೂ ತಪ್ಪು. ಕ್ಲೂಗರ್ ಮತ್ತು ಡಿನಿಸಿ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗೆ ನಡೆದಿದ್ದ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 1996ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಸರಾಸರಿಯಲ್ಲಿ ಲಾಭ ಕಂಡಿತು. ಆದರೆ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಕಡೆ ಫೀಡ್‌ಬ್ಯಾಕ್ ಸಿಕ್ಕಿದ ಮೇಲೆ ಸಾಧನೆ ಕೆಳಗೆ ಇಳಿದಿತ್ತು. ಗಮನ ಮಾಡುವ ಕೆಲಸದಿಂದ ಸರಿದು ‘ನಾನು ಎಂಥವನು’ ಎಂಬ ಕಡೆಗೆ ಹೋದಷ್ಟೂ ಫಲ ಕಡಿಮೆ ಎಂದು ಅವರು ಕಂಡುಕೊಂಡರು. ಪೆನ್ನು ಹಿಡಿದಾಗಲೆಲ್ಲ ಇದು ನೆನಪಿರಲಿ.

ಮೊದಲ ಹೆಜ್ಜೆ: ಏನನ್ನು ನೋಡುತ್ತೀರಿ ಅಂತ ಮುಂಚೆಯೇ ಹೇಳಿ

ಕೆಲಸ ಶುರುವಾಗುವುದು ಬರೆಯಲು ಕೊಡುವ ದಿನವೇ. ‘ನಮ್ಮೂರ ಜಾತ್ರೆ ಬಗ್ಗೆ ಪ್ರಬಂಧ ಬರೆಯಿರಿ’ ಎಂದಷ್ಟೇ ಹೇಳಿದರೆ ಮಗುವಿಗೆ ಗೊತ್ತಿರುವುದು ಒಂದೇ: ಒಂದೂವರೆ ಪುಟ ತುಂಬಬೇಕು. ಅದರ ಬದಲು ಬೋರ್ಡಿನ ಮೇಲೆ ಎರಡು ಸಾಲು ಬರೆಯಿರಿ. ‘ನೀವೇ ಕಣ್ಣಾರೆ ಕಂಡ ಒಂದು ಸಂಗತಿ ಇರಬೇಕು. ಅ ಮತ್ತು ಹ ಅಕ್ಷರ ಸರಿಯಾಗಿರಬೇಕು.’ ತಿದ್ದುವಾಗ ಈ ಎರಡನ್ನು ಮಾತ್ರ ನೋಡಿ. ಮುಂದಿನ ಪ್ರಬಂಧಕ್ಕೆ ಬೇರೆ ಎರಡು.

ಒಂದು ಒಳ್ಳೆಯ ಮಾದರಿ ಮತ್ತು ಒಂದು ಸಾಧಾರಣ ಮಾದರಿಯನ್ನು ಓದಿ ತೋರಿಸಿದರೆ ಇನ್ನೂ ಒಳ್ಳೆಯದು. ಹಿಂದಿನ ವರ್ಷದ ಪುಸ್ತಕದಿಂದ ತೆಗೆದುಕೊಳ್ಳಿ, ಹೆಸರು ಹೇಳಬೇಡಿ. ಯಾವುದು ಚೆನ್ನಾಗಿದೆ, ಯಾಕೆ ಅಂತ ಮಕ್ಕಳ ಬಾಯಿಂದಲೇ ಬರಲಿ. ಇದಕ್ಕೆ ಹತ್ತು ನಿಮಿಷ ಸಾಕು.

ಎರಡನೆಯದು: ಪೆನ್ನು ಕೆಳಗಿಟ್ಟು ಒಂದು ಸಲ ಓದಿ

ಕೆಂಪು ಪೆನ್ನು ಕೈಯಲ್ಲಿದ್ದರೆ ಕಣ್ಣು ತಾನಾಗೇ ದೀರ್ಘ, ಒತ್ತು, ಕೊಂಬುಗಳ ಹಿಂದೆ ಹೋಗುತ್ತದೆ. ಮಗು ಏನು ಹೇಳಲು ಹೊರಟಿದೆ ಅನ್ನುವುದು ಕೈತಪ್ಪುತ್ತದೆ. ಅದಕ್ಕೇ ಮೊದಲು ಸುಮ್ನೆ ಓದಿ. ಆಮೇಲೆ ಸಿಕ್ಕ ತಪ್ಪು ಯಾವ ಜಾತಿಯದು ಅಂತ ಯೋಚಿಸಿ. ಗೊತ್ತಿದ್ದೂ ಅವಸರದಲ್ಲಿ ಆದ ತಪ್ಪು ಒಂದು. ಅದಕ್ಕೆ ಸಾಲಿನ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟರೆ ಸಾಕು, ಮಗುವೇ ಹುಡುಕಿಕೊಳ್ಳುತ್ತದೆ. ಇನ್ನೂ ಕಲಿಯದೇ ಇರುವುದು ಇನ್ನೊಂದು. ಅದನ್ನು ಎಷ್ಟು ಸುತ್ತು ಹಾಕಿದರೂ ಪ್ರಯೋಜನ ಇಲ್ಲ, ಪಾಠವನ್ನೇ ಮತ್ತೆ ಹೇಳಿಕೊಡಬೇಕು. ಮೂರನೆಯದು ತಪ್ಪಾಗಿ ಕಲಿತಿರುವುದು. ಇದೇ ಕಷ್ಟದ್ದು, ಯಾಕೆಂದರೆ ಮಗುವಿಗೆ ತಾನು ಮಾಡಿದ್ದು ಸರಿ ಎಂಬ ನಂಬಿಕೆ ಇರುತ್ತದೆ.

ಕನ್ನಡದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಮಂಡ್ಯ, ಮೈಸೂರು ಕಡೆಯ ಮಗು ‘ಹಣ್ಣು’ ಎಂದು ಬರೆಯಬೇಕಾದಲ್ಲಿ ‘ಅಣ್ಣು’ ಬರೆದರೆ ಅದು ಬೇಜವಾಬ್ದಾರಿಯಲ್ಲ. ಮನೆಯಲ್ಲಿ ಕೇಳಿದ್ದನ್ನೇ ಬರೆದಿದೆ. ಲ-ಳ, ಸ-ಶ ವ್ಯತ್ಯಾಸವೂ ಎಷ್ಟೋ ಕಡೆ ಹೀಗೇ. ತುಳು, ಲಂಬಾಣಿ, ಉರ್ದು ಮನೆಮಾತಿನ ಮಕ್ಕಳಿಗೆ ಕನ್ನಡವೇ ಎರಡನೇ ಭಾಷೆ. ‘ಮನೇಲಿ ಹೀಗೆ ಹೇಳ್ತೀವಿ, ಪುಸ್ತಕದಲ್ಲಿ ಹೀಗೆ ಬರೀತೀವಿ’ ಎಂದು ಎರಡನ್ನೂ ಪಕ್ಕದಲ್ಲಿ ಇಟ್ಟು ಹೇಳಿ. ಅಮ್ಮನ ಮಾತೇ ತಪ್ಪು ಎಂಬ ಭಾವನೆ ಒಮ್ಮೆ ಬಂದರೆ ಆ ಮಗು ತರಗತಿಯಲ್ಲಿ ಬಾಯಿ ಬಿಡುವುದೇ ಕಷ್ಟ.

ಮೂರನೆಯದು: ಟಿಪ್ಪಣಿ ಬರೆಯುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಏಳನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಬರೆದಿದ್ದಾಳೆ ಎಂದುಕೊಳ್ಳಿ:

‘ನಮ್ಮೂರ ಜಾತ್ರೆ ತುಂಬಾ ಚೆನ್ನಾಗಿ ನಡೆಯುತ್ತದೆ. ತುಂಬಾ ಜನ ಬರುತ್ತಾರೆ. ತೇರು ಏಳೆಯುತ್ತಾರೆ. ಬಾಳೆ ಅಣ್ಣು ಮತ್ತು ದವನ ಎಸೆಯುತ್ತಾರೆ. ಅಂಗಡಿಗಳು ಇರುತ್ತವೆ. ನಮ್ಮ ಅಜ್ಜಿ ನನಗೆ ಬಳೆ ಕೊಡಿಸಿದಳು. ಅದು ಮನೆಗೆ ಬರುವಷ್ಟರಲ್ಲಿ ಹೊಡೆದು ಹೋಯಿತು. ಜಾತ್ರೆ ಎಂದರೆ ನನಗೆ ಇಷ್ಟ.’

ಸಾಮಾನ್ಯವಾಗಿ ಇದಕ್ಕೆ ಸಿಗುವ ಷರಾ: ಮೂರು ಸುತ್ತು, ‘ಕಾಗುಣಿತ ಗಮನಿಸು’, ‘ಇನ್ನೂ ವಿವರವಾಗಿ ಬರೆ’, 5/10, ಸಹಿ, ತಾರೀಖು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ‘ವಿವರವಾಗಿ’ ಅಂದರೆ ಏನು? ಅದು ಗೊತ್ತಿದ್ದಿದ್ದರೆ ಹುಡುಗಿ ಮೊದಲೇ ಬರೆಯುತ್ತಿದ್ದಳು. ಹೆಚ್ಚೆಂದರೆ ಮುಂದಿನ ಸಲ ‘ತುಂಬಾ ತುಂಬಾ ಜನ ಬರುತ್ತಾರೆ’ ಎಂದು ಬರೆಯುತ್ತಾಳೆ.

ಈಗ ಅದೇ ಬರಹಕ್ಕೆ ಇನ್ನೊಂದು ಟಿಪ್ಪಣಿ:

‘ಬಳೆ ಒಡೆದದ್ದು ಓದಿ ನನಗೂ ಬೇಜಾರಾಯ್ತು. ಇದು ನೀನು ಮಾತ್ರ ಬರೆಯಬಹುದಾದ ಮಾತು, ಅದಕ್ಕೇ ಕಣ್ಣಿಗೆ ಕಟ್ಟಿತು. ಎರಡನೇ ವಾಕ್ಯವನ್ನೂ ಹಾಗೇ ಮಾಡು. ತೇರು ಎಳೆಯುವಾಗ ನೀನು ಎಲ್ಲಿ ನಿಂತಿದ್ದೆ? ಅಲ್ಲಿಂದ ಏನು ಕಾಣ್ತಿತ್ತು? ಮೂರು ವಾಕ್ಯ ಬರೆ. ಮತ್ತೆ, ನಾಲ್ಕನೇ ಮತ್ತು ಏಳನೇ ವಾಕ್ಯದಲ್ಲಿ ಅ-ಹ ಕಲೆತುಹೋದ ಪದ ಒಂದೊಂದಿದೆ. ಹುಡುಕಿ ತಿದ್ದು.’

ಇಲ್ಲಿ ಏನೇನಾಗಿದೆ ನೋಡಿ. ಚೆನ್ನಾಗಿರುವುದನ್ನು ಬೆರಳಿಟ್ಟು ತೋರಿಸಿದೆ, ಯಾಕೆ ಚೆನ್ನಾಗಿದೆ ಅಂತಲೂ ಹೇಳಿದೆ. ‘ಗುಡ್’ ಎಂದು ಬರೆದಿದ್ದರೆ ಅವಳಿಗೆ ಯಾವುದು ಗುಡ್ ಅಂತ ಗೊತ್ತಾಗುತ್ತಿರಲಿಲ್ಲ. ಮುಂದಿನ ಕೆಲಸ ಇಷ್ಟೇ ಎಂದು ಅಳತೆ ಹಾಕಿ ಕೊಟ್ಟಿದೆ: ಮೂರು ವಾಕ್ಯ, ಎರಡು ಪದ. ತಪ್ಪು ಪದವನ್ನು ನಾವೇ ತಿದ್ದಿಲ್ಲ, ಎಲ್ಲಿದೆ ಅಂತ ಮಾತ್ರ ಹೇಳಿದ್ದೇವೆ. ಹುಡುಕುವ ಹೊತ್ತಲ್ಲೇ ಕಲಿಕೆ ಆಗುತ್ತದೆ. ‘ಹೊಡೆದು’, ‘ಒಡೆದು’ ಎರಡೂ ಇರುವ ಪದಗಳೇ, ಅರ್ಥ ಬೇರೆ. ಅಜ್ಜಿಯ ಬಳೆಗೆ ಯಾವುದು ಹೊಂದುತ್ತದೆ ಅಂತ ಅವಳು ಒಮ್ಮೆ ಯೋಚಿಸಿದರೆ ಅದು ಮರೆಯುವುದಿಲ್ಲ.

‘ಏಳೆಯುತ್ತಾರೆ’ಯನ್ನು ಬಿಟ್ಟಿದ್ದು ಯಾಕೆ ಅಂತ ಕೇಳಬಹುದು. ಬೇಕಂತಲೇ ಬಿಟ್ಟದ್ದು. ಈ ಸಲದ ಗಮನ ಅ-ಹ ಮೇಲೆ. ಟಿಪ್ಪಣಿಯಲ್ಲಿ ‘ಎಳೆಯುವಾಗ’ ಎಂದು ಸರಿಯಾದ ರೂಪವನ್ನೇ ಬಳಸಿದ್ದೇವೆ, ಕೆಲವು ಮಕ್ಕಳು ಅದನ್ನು ನೋಡಿಯೇ ತಿದ್ದಿಕೊಳ್ಳುತ್ತಾರೆ. ಒಂದು ಪುಟದಲ್ಲಿ ಹದಿನೈದು ಕೆಂಪು ಗುರುತು ಕಂಡರೆ ಮಗು ಒಂದನ್ನೂ ಓದುವುದಿಲ್ಲ. ಎಲ್ಲ ತಪ್ಪನ್ನೂ ಗುರುತಿಸಲೇಬೇಕು ಎಂಬ ಒತ್ತಡ ನಮ್ಮ ಮೇಲಿದೆ, ನಿಜ. ಒಂದು ತಪ್ಪು ಕಣ್ತಪ್ಪಿದರೂ ತಪಾಸಣೆಯವರು ಹಿಡಿಯುತ್ತಾರೆ ಅನ್ನುವ ಭಯ. ಪುಟದ ಮೇಲೆ ‘ಈ ಸಲದ ಗಮನ: ಅ-ಹ, ಕಂಡ ಸಂಗತಿ’ ಎಂದು ಬರೆದುಬಿಡಿ. ನೋಡಿದವರಿಗೆ ಉತ್ತರ ಅಲ್ಲೇ ಇರುತ್ತದೆ.

ವಿಜ್ಞಾನದಲ್ಲೂ ಇದೇ ಕ್ರಮ. ‘ಗಿಡ ಮಣ್ಣಿನಿಂದ ಆಹಾರ ತೆಗೆದುಕೊಳ್ಳುತ್ತದೆ’ ಎಂದು ಬರೆದ ಮಗುವಿಗೆ ತಪ್ಪು ಗುರುತು ಹಾಕುವ ಬದಲು ಒಂದು ಪ್ರಶ್ನೆ ಬರೆಯಿರಿ: ‘ಬೇರು ಮಣ್ಣಿನಿಂದ ಏನನ್ನು ಹೀರುತ್ತದೆ? ಹಾಗಾದರೆ ಎಲೆಗೆ ಬಿಸಿಲು ಯಾಕೆ ಬೇಕು?’

ನಾಲ್ಕನೆಯದು: ಅಂಕ ಇವತ್ತು ಬೇಡ

ಅಂಕ ಮತ್ತು ಟಿಪ್ಪಣಿ ಒಟ್ಟಿಗೆ ಕೊಟ್ಟರೆ ಮಗು ನೋಡುವುದು ಅಂಕವನ್ನು. ಇದು ನಮಗೆಲ್ಲ ಅನುಭವದಲ್ಲಿ ಗೊತ್ತಿರುವುದೇ. ರೂತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲ್‌ನ ಶಾಲಾ ಮಕ್ಕಳ ಮೇಲೆ ಇದನ್ನು ಪರೀಕ್ಷೆ ಮಾಡಿ 1988ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಅಂಕ ಮಾತ್ರ, ಒಂದಕ್ಕೆ ಟಿಪ್ಪಣಿ ಮಾತ್ರ, ಇನ್ನೊಂದಕ್ಕೆ ಎರಡೂ. ಕೆಲಸವೂ ಆಸಕ್ತಿಯೂ ಚೆನ್ನಾಗಿ ಉಳಿದದ್ದು ಟಿಪ್ಪಣಿ ಮಾತ್ರ ಸಿಕ್ಕ ಗುಂಪಿನಲ್ಲಿ. ಎರಡೂ ಸಿಕ್ಕ ಗುಂಪಿನಲ್ಲಿ ಅಂಕದ ಜೊತೆ ಸೇರಿದ ಟಿಪ್ಪಣಿ ತನ್ನ ಶಕ್ತಿ ಕಳೆದುಕೊಂಡಿತ್ತು.

ಆದರೆ ನಮಗೆ ಅಂಕ ಕೊಡದೆ ಇರಲು ಆಗುವುದಿಲ್ಲ. ಮಕ್ಕಳ ಸಾಧನೆ ದಾಖಲಿಸುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ಗೆ ಏರಿಸಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಆಂತರಿಕ ಅಂಕ ಎಫ್‌ಎ ಲೆಕ್ಕದಿಂದಲೇ ಬರಬೇಕು. ದಾರಿ ಸುಲಭ. ಅಂಕವನ್ನು ನಿಮ್ಮ ರಿಜಿಸ್ಟರ್‌ನಲ್ಲಿ ಬರೆದಿಡಿ. ಪುಸ್ತಕದಲ್ಲಿ ಟಿಪ್ಪಣಿ ಮಾತ್ರ ಇರಲಿ. ಮಗು ತಿದ್ದಿ ಬರೆದ ಮೇಲೆ, ಎರಡು ಮೂರು ದಿನ ಬಿಟ್ಟು, ಅಂಕ ಹೇಳಿ. ಮೊದಮೊದಲು ‘ಮಿಸ್, ಎಷ್ಟು ಬಂತು?’ ಎಂದು ಕೇಳುತ್ತಲೇ ಇರುತ್ತಾರೆ. ನೀವು ಗಟ್ಟಿಯಾಗಿ ನಿಂತರೆ ಕ್ರಮೇಣ ರೂಢಿಯಾಗುತ್ತದೆ.

ಐದನೆಯದು: ತಿದ್ದಿಕೊಳ್ಳಲು ಒಂದು ಪಿರಿಯಡ್ ಕೊಡಿ

ಇಷ್ಟು ಹೆಜ್ಜೆಗಳಲ್ಲಿ ಒಂದನ್ನು ಮಾತ್ರ ಮಾಡಲು ಸಮಯ ಇದೆ ಅನ್ನುವವರು ಇದನ್ನು ಮಾಡಿ. ಪುಸ್ತಕ ವಾಪಸ್ ಕೊಟ್ಟ ದಿನ ಹೊಸ ಪಾಠ ಶುರು ಮಾಡಬೇಡಿ. ಕನಿಷ್ಠ ಇಪ್ಪತ್ತು ನಿಮಿಷ ಮಕ್ಕಳು ಟಿಪ್ಪಣಿ ಓದಿ, ಅದರಲ್ಲಿ ಹೇಳಿದ ಕೆಲಸವನ್ನು ಅಲ್ಲೇ ಕೂತು ಮಾಡಲಿ. ಪೆನ್ಸಿಲ್‌ನಲ್ಲೋ ಹಸಿರು ಪೆನ್ನಿನಲ್ಲೋ ಬರೆಯಲಿ, ಬದಲಾದದ್ದು ಏನು ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಮನೆಯಲ್ಲಿ ಮಾಡಿಕೊಂಡು ಬನ್ನಿ ಅಂದರೆ ಅರ್ಧ ಮಕ್ಕಳು ಮಾಡುವುದಿಲ್ಲ. ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಕ್ಕಳೇ ಹಿಂದೆ ಉಳಿಯುತ್ತಾರೆ.

ಆ ಹೊತ್ತಲ್ಲಿ ನೀವು ಬೆಂಚುಗಳ ಮಧ್ಯೆ ಓಡಾಡಿ. ‘ನಾನು ಏನು ಬರೆದಿದ್ದೀನಿ, ನಿನ್ನ ಮಾತಲ್ಲಿ ಹೇಳು’ ಎಂದು ನಾಲ್ಕೈದು ಮಕ್ಕಳನ್ನು ಕೇಳಿ. ನಮ್ಮ ಟಿಪ್ಪಣಿ ಅವರಿಗೆ ಅರ್ಥವಾಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ನಮ್ಮ ಅವಸರದ ಕೈಬರಹ ಓದಲಾಗದೆ ಸುಮ್ಮನೆ ಕೂತ ಮಕ್ಕಳೂ ಸಿಗುತ್ತಾರೆ. ದೊಡ್ಡ ಅಕ್ಷರದಲ್ಲಿ ಬಿಡಿಸಿ ಬರೆಯಿರಿ.

ಜಾತ್ರೆಯ ಹುಡುಗಿ ಈ ಇಪ್ಪತ್ತು ನಿಮಿಷದಲ್ಲಿ ಏನು ಬರೆದಾಳು? ‘ನಾನು ಅರಳೀಕಟ್ಟೆ ಮೇಲೆ ನಿಂತಿದ್ದೆ. ತೇರಿನ ಕಳಸ ಮಾತ್ರ ಕಾಣುತ್ತಿತ್ತು. ಕೆಳಗೆ ಬರೀ ತಲೆಗಳು.’ ಇಂಥ ಮೂರು ಸಾಲು ಬಂದರೆ ಸಾಕು. ‘ತುಂಬಾ ಜನ’ ಎಂಬ ಮಾತು ಇನ್ನು ಬೇಕಿಲ್ಲ ಅಂತ ಅವಳಿಗೇ ಗೊತ್ತಾಗಿ ಹೊಡೆದು ಹಾಕುತ್ತಾಳೆ.

ತಪ್ಪು ಪದವನ್ನು ನೂರು ಸಲ ಬರೆಸುವುದು ಇದಕ್ಕೆ ಬದಲಿ ಆಗುವುದಿಲ್ಲ. ಹತ್ತನೇ ಸಲಕ್ಕೇ ಕೈ ಮಾತ್ರ ಓಡುತ್ತಿರುತ್ತದೆ. ಆ ಪದ ಇಟ್ಟು ಮೂರು ಹೊಸ ವಾಕ್ಯ ಬರೆಸಿ.

ಲೆಕ್ಕದ ಪುಸ್ತಕ: ಬಾಯಲ್ಲಿ ಹೇಳಿಸಿ

ಲೆಕ್ಕದಲ್ಲಿ ಬರೆದ ಟಿಪ್ಪಣಿಗಿಂತ ಎರಡು ನಿಮಿಷದ ಮಾತು ಜಾಸ್ತಿ ಕೆಲಸ ಮಾಡುತ್ತದೆ. 402ರಲ್ಲಿ 157 ಕಳೆದು 355 ಎಂದು ಬರೆದ ಮಗು ಇದೆ ಅಂದುಕೊಳ್ಳಿ. ತಪ್ಪು ಗುರುತು ಹಾಕಿ 245 ಎಂದು ಪಕ್ಕದಲ್ಲಿ ಬರೆದರೆ ಮಗು 245 ನಕಲು ಮಾಡುತ್ತದೆ, ಮುಂದಿನ ಲೆಕ್ಕದಲ್ಲಿ ಅದೇ ತಪ್ಪು. ಕರೆದು ಕೇಳಿ.

‘ಇದನ್ನ ಹೇಗೆ ಮಾಡ್ದೆ ಪುಟ್ಟ, ಹೇಳು.’

‘ಏಳರಲ್ಲಿ ಎರಡು ಹೋದ್ರೆ ಐದು ಸಾರ್. ಐದರಲ್ಲಿ ಸೊನ್ನೆ ಹೋದ್ರೆ ಐದು. ನಾಲ್ಕರಲ್ಲಿ ಒಂದು ಹೋದ್ರೆ ಮೂರು.’

‘ಎರಡರಲ್ಲಿ ಏಳು ಕಳೀಬೇಕಿತ್ತು ಅಲ್ವಾ?’

‘ಎರಡು ಚಿಕ್ಕದು ಸಾರ್. ಅದರಲ್ಲಿ ಏಳು ಹೋಗಲ್ಲ.’

ಈ ಮಗು ಗಮನ ಇಲ್ಲದೆ ಮಾಡಿಲ್ಲ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂಬ ನಿಯಮವನ್ನು ಎಲ್ಲೋ ಕಲಿತು, ಅದನ್ನೇ ಪ್ರತಿ ಸ್ಥಾನಕ್ಕೂ ನಿಷ್ಠೆಯಿಂದ ಹಾಕಿದೆ. ಆ ನಿಯಮ ಇಲ್ಲಿ ನಡೆಯುವುದಿಲ್ಲ ಅಂತ ಅದಕ್ಕೇ ಕಾಣುವ ಹಾಗೆ ಮಾಡಬೇಕು. ‘ಬಂದ ಉತ್ತರಕ್ಕೆ 157 ಕೂಡಿಸಿ ನೋಡು’ ಅನ್ನಿ. 512 ಬರುತ್ತದೆ. ‘ನಾವು ಶುರು ಮಾಡಿದ್ದು ಎಷ್ಟರಿಂದ?’ 402. ಮಗು ಪುಸ್ತಕವನ್ನೇ ದಿಟ್ಟಿಸಿ ನೋಡುತ್ತದೆ. ಈಗ ಹೇಳಿದರೆ ಕಿವಿಗೆ ಬೀಳುತ್ತದೆ. ಮಧ್ಯದಲ್ಲಿ ಸೊನ್ನೆ ಇರುವುದರಿಂದ 402 ಕಷ್ಟ. 42ರಲ್ಲಿ 17 ಕಳೆಯಲು ಕೊಡಿ. ಹತ್ತು ಹತ್ತು ಕಡ್ಡಿಯ ನಾಲ್ಕು ಕಟ್ಟು, ಬಿಡಿ ಕಡ್ಡಿ ಎರಡು. ಏಳು ಕೊಡು ಅಂದರೆ ಒಂದು ಕಟ್ಟು ಬಿಚ್ಚಲೇಬೇಕು. ಅದು ಸಲೀಸಾದ ಮೇಲೆ 402ಕ್ಕೆ ವಾಪಸ್ ಬನ್ನಿ.

ಕೂಡಿಸಿ ನೋಡುವ ಅಭ್ಯಾಸ ಆ ಮಗುವಿನ ಕೈಗೆ ಬಂದರೆ ಮುಂದೆ ನಮ್ಮ ಸರಿ-ತಪ್ಪು ಗುರುತಿಗೆ ಅದು ಕಾಯಬೇಕಿಲ್ಲ.

ಅರವತ್ತು ಮಕ್ಕಳಿದ್ದರೆ?

ಇದು ನ್ಯಾಯವಾದ ಪ್ರಶ್ನೆ. 60 ಪುಸ್ತಕಕ್ಕೆ ಐದೈದು ನಿಮಿಷ ಅಂದರೂ ಐದು ಗಂಟೆ, ಅದೂ ಒಂದು ವಿಭಾಗಕ್ಕೆ. ಚುನಾವಣಾ ಕೆಲಸ, ಸಮೀಕ್ಷೆ, ಬಿಸಿಯೂಟದ ಲೆಕ್ಕ ಎಲ್ಲ ಇದ್ದೇ ಇದೆ. ಹಾಗಾಗಿ ಎಲ್ಲ ಪುಸ್ತಕವನ್ನೂ ಒಂದೇ ಆಳಕ್ಕೆ ತಿದ್ದುವ ಆಸೆ ಬಿಡಬೇಕು.

ಹಾಜರಿ ಕ್ರಮದಲ್ಲಿ ವಾರಕ್ಕೆ 12 ಪುಸ್ತಕವನ್ನು ಮೇಲೆ ಹೇಳಿದಂತೆ ಪೂರ್ತಿ ನೋಡಿ. ಐದು ವಾರಕ್ಕೆ 60 ಆಗುತ್ತದೆ. ಉಳಿದವನ್ನು ಒಂದೊಂದು ನಿಮಿಷ ಕಣ್ಣಾಡಿಸಿ, ಪುಸ್ತಕದಲ್ಲಿ ಏನೂ ಬರೆಯದೆ, ಒಂದು ಬಿಳಿ ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ: ತುಂಬಾ ಜನ ಮಾಡಿದ ತಪ್ಪು ಯಾವುದು, ಬರೀ ನಾಲ್ಕೈದು ಮಕ್ಕಳಿಗೆ ಇರುವ ತೊಂದರೆ ಯಾವುದು, ಓದಿ ತೋರಿಸಬೇಕಾದ ಒಳ್ಳೆಯ ಸಾಲು ಯಾರದು. ಮಾರನೇ ದಿನ ಆ ಹಾಳೆ ಹಿಡಿದು ತರಗತಿಗೆ ಹೋಗಿ. ಎಲ್ಲರದೂ ಆದ ತಪ್ಪನ್ನು ಬೋರ್ಡಿನ ಮೇಲೆ ಒಟ್ಟಿಗೆ ಬಿಡಿಸಿ. ನಾಲ್ಕೈದು ಮಕ್ಕಳನ್ನು ಮಾತ್ರ ಪಕ್ಕಕ್ಕೆ ಕೂರಿಸಿಕೊಂಡು ಹೇಳಿ. ಒಳ್ಳೆಯ ಸಾಲನ್ನು ಬರೆದ ಮಗುವಿನ ಬಾಯಲ್ಲೇ ಓದಿಸಿ. ಬಹಳ ಸಲ ಅದು ಹಿಂದಿನ ಬೆಂಚಿನಿಂದ ಬರುತ್ತದೆ.

ಪ್ರತಿ ಮಗುವಿಗೂ ತನ್ನ ಮುಂದಿನ ಮೆಟ್ಟಿಲು ಯಾವುದು ಅಂತ ಗೊತ್ತಿರಬೇಕು ಎಂಬುದು ನಮ್ಮ ಶಾಲೆಗಳಿಗೆ ಹೊಸದಲ್ಲ. ತೊಂಬತ್ತರ ದಶಕದ ನಡುವಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಹುಟ್ಟಿದ ನಲಿ-ಕಲಿ, ಅಂದರೆ ಚಿಕ್ಕ ಮಕ್ಕಳು ನಲಿಯುತ್ತಾ ತಮ್ಮದೇ ವೇಗದಲ್ಲಿ ಕಲಿಯುವ ಪದ್ಧತಿ, ಇದನ್ನೇ ಮಾಡಿತು. ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಅದರ ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆ ಅಂತ ಮಗುವಿಗೇ ಗೊತ್ತಿರುತ್ತದೆ. ದೊಡ್ಡ ತರಗತಿಗೆ ಬಂದ ಮೇಲೆ ನಾವು ಅದನ್ನು ಕೈಬಿಡುತ್ತೇವೆ ಅನ್ನುವುದೇ ನನ್ನ ಸಂಕಟ.

ಮಕ್ಕಳು ಒಬ್ಬರ ಪುಸ್ತಕ ಒಬ್ಬರು ನೋಡುವುದೂ ಒಳ್ಳೆಯದೇ, ಆದರೆ ಅಂಕ ಹಾಕುವ ಅಧಿಕಾರ ಅವರಿಗೆ ಬೇಡ. ಬೋರ್ಡಿನ ಮೇಲಿನ ಎರಡು ಅಂಶ ಇದೆಯೋ ಇಲ್ಲವೋ ನೋಡಿ, ಒಂದು ಪ್ರಶ್ನೆ ಬರೆದುಕೊಟ್ಟರೆ ಸಾಕು.

ಮಾತಿನ ಮೇಲೆ ಹಿಡಿತ

‘ನೀನು ಜಾಣೆ’ ಎಂಬ ಹೊಗಳಿಕೆಯೂ ‘ನಿನ್ನ ತಲೆಗೆ ಹೋಗಲ್ಲ’ ಎಂಬ ಬೈಗುಳವೂ ಮಗುವಿನ ಗಮನವನ್ನು ಕೆಲಸದಿಂದ ತೆಗೆದು ತನ್ನ ಮೇಲೆ ಹಾಕುತ್ತವೆ. ಜಾಣೆ ಅನ್ನಿಸಿಕೊಂಡವಳು ಕಷ್ಟದ ಲೆಕ್ಕ ಮುಟ್ಟಲು ಹೆದರುತ್ತಾಳೆ, ತಪ್ಪಾದರೆ ಆ ಹೆಸರು ಹೋಗುತ್ತದಲ್ಲ. ‘ಚಿತ್ರದಲ್ಲಿ ಭಾಗಗಳ ಹೆಸರನ್ನು ಗೆರೆ ಎಳೆದು ಬರೆದೆ, ಓದೋಕೆ ಸುಲಭ ಆಯ್ತು’ ಎಂದರೆ ಮುಂದಿನ ಸಲವೂ ಗೆರೆ ಎಳೆಯುತ್ತಾಳೆ. ಅಕ್ಕನ ಜೊತೆ, ಪಕ್ಕದವಳ ಜೊತೆ ಹೋಲಿಕೆ ಬೇಡವೇ ಬೇಡ. ಹೋಲಿಸುವುದಿದ್ದರೆ ಅವಳದೇ ಹಿಂದಿನ ತಿಂಗಳ ಪುಟದ ಜೊತೆ ಹೋಲಿಸಿ.

ತಪ್ಪು ಉತ್ತರವನ್ನು ಹೆಸರು ಹಿಡಿದು ಓದಿ ನಗಿಸುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯ್ದೆ ಇರಲಿ, ಒಮ್ಮೆ ಹಾಗೆ ನಗೆಗೀಡಾದ ಮಗು ಮುಂದೆ ಉತ್ತರ ಗೊತ್ತಿದ್ದರೂ ಪುಟ ಖಾಲಿ ಬಿಡುತ್ತದೆ. ಖಾಲಿ ಪುಟಕ್ಕೆ ನಾವು ಏನಂತ ಫೀಡ್‌ಬ್ಯಾಕ್ ಬರೆಯೋಣ?

ಪರೀಕ್ಷೆಯ ಉತ್ತರ ಪತ್ರಿಕೆ ಮತ್ತು ಪೋಷಕರ ಸಭೆ

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆ ವಾಪಸ್ ಕೊಡುವಾಗ ಜೊತೆಗೊಂದು ಖಾಲಿ ಹಾಳೆ ಕೊಡಿ. ಅಂಕ ಹೋದ ಪ್ರತಿ ಪ್ರಶ್ನೆಯ ಮುಂದೆ ಕಾರಣ ಬರೆಯಲಿ: ಓದಿರಲಿಲ್ಲ, ಓದಿದ್ದೆ ಮರೆತೆ, ಪ್ರಶ್ನೆ ಅರ್ಥ ಆಗಲಿಲ್ಲ, ಸಮಯ ಸಾಲಲಿಲ್ಲ. ಕಾರಣದ ಪ್ರಕಾರ ಮದ್ದು ಬೇರೆ. ಸಮಯ ಸಾಲದವರಿಗೆ ಇನ್ನೂ ಓದು ಅಂತ ಹೇಳಿ ಉಪಯೋಗ ಇಲ್ಲ, ಗಡಿಯಾರ ಇಟ್ಟುಕೊಂಡು ಬರೆದು ಅಭ್ಯಾಸ ಮಾಡಬೇಕು. ಪ್ರಶ್ನೆ ಅರ್ಥವಾಗದವರ ಜೊತೆ ಕೂತು ಹತ್ತು ಪ್ರಶ್ನೆಗಳನ್ನು ಬರೀ ಓದಿ, ಏನು ಕೇಳಿದ್ದಾರೆ ಅಂತ ಹೇಳಿಸಬೇಕು. ಆ ಹಾಳೆಯನ್ನು ನೀವು ಇಟ್ಟುಕೊಳ್ಳಿ, ಮುಂದಿನ ಪರೀಕ್ಷೆಗೆ ಎರಡು ದಿನ ಮುಂಚೆ ಮಗುವಿಗೆ ವಾಪಸ್ ಕೊಡಿ.

ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆ ಮಗು ಮೊದಲು ಬರೆದ ಪುಟ, ತಿದ್ದಿ ಬರೆದ ಪುಟ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಓದು ಬಾರದ ತಾಯಿ ಬಂದಿದ್ದರೆ ಮಗುವೇ ಎರಡನ್ನೂ ಜೋರಾಗಿ ಓದಲಿ. ‘ಮನೇಲಿ ಓದಿಸಿ’ ಎಂದು ಹೇಳಿ ಕಳಿಸುವ ಬದಲು ಅವರಿಂದ ಆಗುವ ಒಂದು ಕೆಲಸ ಕೊಡಿ: ‘ದಿನಾ ರಾತ್ರಿ ಇವತ್ತು ಟೀಚರ್ ಏನು ಬರೆದಿದ್ದಾರೆ, ಅದಕ್ಕೆ ನೀನೇನು ಮಾಡಿದೆ ಅಂತ ಕೇಳಿ, ಅಮ್ಮ.’ ಎರಡೂ ಪುಟಗಳನ್ನು ಪಿನ್ ಹಾಕಿ ಎಫ್‌ಎ ಕಡತದಲ್ಲಿ ಇಡಿ. ತಾರೀಖು ಎರಡರ ಮೇಲೂ ಇರಲಿ.